ಲಾಳಿಯ ಕಣ್ಣು

ರವಿಚಂದ್ರ ಲಾಳಿಯನ್ನು ತುಟಿಯ ಹತ್ತಿರಕ್ಕೆ ತಂದಿದ್ದ, ಅಷ್ಟೆ. ಅನಸೂಯ ಹಾರಿ ಬಂದು ಅದನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಬಾಯಿಗಿಡ್ಬೇಡಿ ಅದನ್ನ!"

ಎಂಟು ಪವರ್‌ಲೂಮ್‌ಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದ ಶೆಡ್ಡು ಅದು. ಅವಳ ಕೂಗು ಯಾರ ಕಿವಿಗೂ ಬೀಳಲಿಲ್ಲ. ಆದರೆ ಕಿತ್ತುಕೊಂಡದ್ದು ಎಲ್ಲರ ಕಣ್ಣಿಗೂ ಬಿತ್ತು. ಆಚೆ ಮಗ್ಗದ ರಾಮಾಂಜಿನಪ್ಪ ಬಾಯಿ ತೆರೆದುಕೊಂಡು ನೋಡಿದರು.

ಮಗ್ಗ ಗೊತ್ತಿಲ್ಲದವರಿಗೆ ಇದರಲ್ಲೇನು ಅಂಥ ದೊಡ್ಡ ವಿಷಯ ಅನ್ನಿಸಬಹುದು. ಲಾಳಿ ಎಂದರೆ ದೋಣಿಯ ಆಕಾರದ ಒಂದು ಮರದ ತುಂಡು. ಅದರ ಹೊಟ್ಟೆಯಲ್ಲಿ ದಾರ ಸುತ್ತಿದ ಕಂಡಿಕೆ ಕೂರುತ್ತದೆ. ಪಕ್ಕದಲ್ಲಿ ಸಾಸಿವೆ ಹೋಗುವಷ್ಟು ತೂತು. ಅದೇ ಲಾಳಿಯ ಕಣ್ಣು. ಕಂಡಿಕೆ ಬದಲಾಯಿಸಿದಾಗಲೆಲ್ಲ ಹೊಸ ದಾರದ ತುದಿ ಆ ಕಣ್ಣಿನಿಂದ ಹೊರಗೆ ಬರಬೇಕು. ದೊಡ್ಡಬಳ್ಳಾಪುರದ ನೇಕಾರ ಅದಕ್ಕೆ ಸೂಜಿ ಹುಡುಕುತ್ತ ಕೂರುವುದಿಲ್ಲ. ಕಣ್ಣಿಗೆ ತುಟಿಯಿಟ್ಟು ಒಂದು ಸಲ ಉಸಿರೆಳೆದರೆ ದಾರ ನಾಲಿಗೆಯ ತುದಿಗೆ ಬಂದು ಕೂತಿರುತ್ತದೆ. ಇವರ ಲಾಳಿಗೆ ಅವರ ಬಾಯಿ, ಅವರ ಲಾಳಿಗೆ ಇವರ ಬಾಯಿ. ಮನೆಯಲ್ಲಿ ಹೆಂಡತಿ ಕುಡಿದ ಲೋಟವನ್ನು ತೊಳೆಸಿ ಕುಡಿಯುವ ಗಂಡಸೂ ಶೆಡ್ಡಿನೊಳಗೆ ಆ ಮಾತೆತ್ತುವುದಿಲ್ಲ. "ಮಗ್ಗಕ್ಕೆ ಎಂಜಲಿಲ್ಲ" ಎನ್ನುವುದು ರಾಮಾಂಜಿನಪ್ಪನವರ ವೇದವಾಕ್ಯ.

ಅಂಥ ಕಡೆ ಒಬ್ಬನ ಬಾಯಿಂದ ಲಾಳಿ ಕಿತ್ತುಕೊಳ್ಳುವುದೆಂದರೆ ಊಟಕ್ಕೆ ಕೂತವನ ಮುಂದಿನ ಎಲೆ ಎಳೆದ ಹಾಗೆ.

ರವಿಚಂದ್ರ ಆ ಶೆಡ್ಡಿಗೆ ಹೊಸಬ. ರಾಜಘಟ್ಟದ ಒಕ್ಕಲು ಮನೆಯ ಹುಡುಗ. ಸೋಂಪುರದ ಫ್ಯಾಕ್ಟರಿಯಲ್ಲಿ ಮೆಕ್ಯಾನಿಕ್ ಆಗಿದ್ದವನು ಈಗ ಮಗ್ಗಗಳ ರಿಪೇರಿಗೆ ಇಳಿದಿದ್ದ. ಅನಸೂಯಳ ಅಪ್ಪ ಲಕ್ಷ್ಮಣಪ್ಪನವರು ಕರೆಸಿದ್ದರಿಂದ ಬಂದು ಅವಳ ಮಗ್ಗದ ಬೆಲ್ಟು ಸರಿಮಾಡಿದ್ದ. ಹುಡುಗಿಗೆ ಒಂದು ಕೆಲಸ ಕಡಿಮೆಯಾಗಲಿ ಎಂದು ತಾನೇ ಕಂಡಿಕೆ ಕೂರಿಸಿ ದಾರ ಎಳೆಯಲು ಹೋದ. ಒಂದಿಷ್ಟು ಜಂಬವೂ ಇತ್ತೆನ್ನಿ. ನೇಕಾರರ ವಿದ್ಯೆ ನನಗೂ ಬರುತ್ತದೆ ಎಂದು ತೋರಿಸಬೇಕಿತ್ತು.

ಈಗ ಅವನ ಕಿವಿ ಕೆಂಪಾಗಿತ್ತು. ಮಗ್ಗದ ಸದ್ದಿನಲ್ಲಿ ಬದುಕುವವರು ತುಟಿ ನೋಡಿ ಮಾತು ತಿಳಿಯುತ್ತಾರೆ. ಫ್ಯಾಕ್ಟರಿಯಲ್ಲಿ ದುಡಿದ ಅವನಿಗೂ ಆ ಭಾಷೆ ಗೊತ್ತಿತ್ತು. ಅವನ ತುಟಿ ನಿಧಾನವಾಗಿ ಕೇಳಿತು:

"ಎಂಜಲಾಗುತ್ತೆ ಅಂತಾನಾ? ಹೊಲದೋರ ಬಾಯಿ ಅಂತಾನಾ?"

ಅನಸೂಯ ಲಾಳಿಯನ್ನು ಸೆರಗಿನಲ್ಲಿ ಉಜ್ಜಿ ಉಜ್ಜಿ ಒರೆಸಿದಳು. ಮಗ್ಗದ ಮೊಳೆಗೆ ಸಿಕ್ಕಿಸಿದ್ದ ಒಂದು ಸಣ್ಣ ಕೊಕ್ಕೆ ತೆಗೆದು, ಅದರಲ್ಲಿ ದಾರವನ್ನು ಎಳೆದಳು. ಹಳೆಯ ಛತ್ರಿಯ ಕಡ್ಡಿ ಬಗ್ಗಿಸಿ ತಾನೇ ಮಾಡಿಕೊಂಡ ಕೊಕ್ಕೆ ಅದು. ರವಿಚಂದ್ರ ಎಲ್ಲವನ್ನೂ ನೋಡಿದ. ಓಹೋ, ಊರೆಲ್ಲ ಬಾಯಿಡುವ ಲಾಳಿಗೆ ಈ ಮಹಾರಾಣಿ ತನ್ನ ತುಟಿ ತಾಕಿಸುವುದಿಲ್ಲ! ಸ್ಪ್ಯಾನರನ್ನು ಚೀಲಕ್ಕೆ ಎಸೆದು ಹೊರಟುಹೋದ.

ಪಾಪ, ಅವನಿಗೆ ಹೇಗೆ ಗೊತ್ತಾಗಬೇಕು. ಅವತ್ತು ಬೆಳಿಗ್ಗೆ ಕೊಕ್ಕೆ ಕೈಗೆ ಸಿಗದೆ, ಹಳೆಯ ಅಭ್ಯಾಸದಿಂದ, ಅದೇ ಲಾಳಿಗೆ ಅವಳು ಒಂದು ಸಲ ಬಾಯಿಟ್ಟಿದ್ದಳು. ಅವಳು ಹೆದರಿದ್ದು ಅವನ ಎಂಜಲಿಗಲ್ಲ, ತನ್ನದಕ್ಕೆ.

*

ಹೋದ ವರ್ಷ ಊರಿನ ರಕ್ತದಾನ ಶಿಬಿರದಲ್ಲಿ ರಕ್ತ ಕೊಟ್ಟು, ಬಿಸ್ಕತ್ತು ತಿಂದು, ನಗುತ್ತ ಮನೆಗೆ ಬಂದಿದ್ದಳು ಅನಸೂಯ. ಆಮೇಲೆ ಫೋನ್ ಬಂತು, ಒಂದು ಸಲ ಬಂದು ಹೋಗಿ ಎಂದು. ಹೆಪಟೈಟಿಸ್ ಸಿ. ಏಳು ತಿಂಗಳಿಗೇ ಹುಟ್ಟಿದ್ದ ಅವಳಿಗೆ ಕೂಸಾಗಿದ್ದಾಗ ಯಾವುದೋ ನರ್ಸಿಂಗ್ ಹೋಮಿನಲ್ಲಿ ರಕ್ತ ಕೊಡಿಸಿದ್ದರು. ಆ ರಕ್ತದ ಜೊತೆ ಬಂದ ವೈರಸ್ಸು ಇಪ್ಪತ್ತಾರು ವರ್ಷ ಅವಳ ಲಿವರಿನಲ್ಲಿ ಸದ್ದಿಲ್ಲದೆ ಠಿಕಾಣಿ ಹೂಡಿತ್ತು. ಬದುಕಿಸಲು ಕೊಡಿಸಿದ ರಕ್ತದಿಂದಲೇ ಹೀಗಾಯಿತಲ್ಲ ಎಂದು ಅಮ್ಮ ಆದಿಲಕ್ಷ್ಮಮ್ಮ ಅತ್ತದ್ದಕ್ಕೆ ಲೆಕ್ಕವಿಲ್ಲ.

ಬೆಂಗಳೂರಿನ ಆಸ್ಪತ್ರೆಯ ಡಾಕ್ಟರ್ ಅಕ್ಷತ ಮೂರು ತಿಂಗಳು ಮಾತ್ರೆ ಕೊಟ್ಟರು. ಅದು ಮುಗಿದ ಮೇಲೆ ಇನ್ನೂ ಮೂರು ತಿಂಗಳು ಬಿಟ್ಟು ರಕ್ತದಲ್ಲಿ ವೈರಸ್ ಹುಡುಕುವ ಒಂದು ಟೆಸ್ಟು. ಆಗಲೂ ಸಿಗಲಿಲ್ಲವೆಂದರೆ ವಾಸಿಯಾದ ಹಾಗೆ. ಅನಸೂಯ ಈಗ ಆ ಕಾಯುವ ತಿಂಗಳುಗಳಲ್ಲಿದ್ದಳು. ರಕ್ತದಿಂದ ಹರಡುವ ಕಾಯಿಲೆ ಎಂದು ಡಾಕ್ಟರು ಹೇಳಿದ್ದರು. ಹಾಗಾದರೆ ಲಾಳಿ? ಕೇಳಬೇಕೆಂದು ನಾಲಿಗೆಯವರೆಗೆ ಬಂದಿತ್ತು. ಹಿಂದೆ ಕ್ಯೂ ನಿಂತವರು ನೂಕುತ್ತಿರುವಾಗ, ಬೆಂಗಳೂರಿನ ಡಾಕ್ಟರಿಗೆ ಲಾಳಿ ಎಂದರೇನೆಂದು ಬಿಡಿಸಿ ಹೇಳುವುದು ಹೇಗೆ? ನಾಚಿಕೊಂಡು ಕೇಳದೆ ಬಂದಳು. ಮನೆಗೆ ಬಂದು ಛತ್ರಿಯ ಕಡ್ಡಿ ಮುರಿದಳು.

ಅಂದಿನಿಂದ ಲೋಟ ಬೇರೆ, ತಟ್ಟೆ ಬೇರೆ. ಯಾರೂ ಹೇಳಿರಲಿಲ್ಲ. ತನಗೆ ತಾನೇ ಹಾಕಿಕೊಂಡ ಬೇಲಿ.

*

ರವಿಚಂದ್ರ ಮತ್ತೆ ಬಂದಾಗ ಹೆಗಲಿಗೆ ಸ್ವಂತ ನೀರಿನ ಬಾಟಲಿ ನೇತುಹಾಕಿಕೊಂಡಿದ್ದ. ಅವಳ ಮುಂದೆ ನಿಂತು ಎರಡೂ ಅಂಗೈ ತೋರಿಸಿದ.

"ಮೇಡಂ, ಕೈ ಸೋಪ್ ಹಾಕಿ ತೊಳ್ಕೊಂಡಿದೀನಿ. ನಿಮ್ಮ ಮಗ್ಗ ಮುಟ್ಬಹುದಾ?"

"ಮುಟ್ಟಿ," ಎಂದಳು ಅವಳು ತಲೆಯೆತ್ತದೆ.

"ಉಸಿರಾಡ್ಬಹುದಾ?"

ಅವಳಿಗೆ ಅಳುವೂ ಬಂತು, ನಗುವೂ ಬಂತು. ಎರಡನ್ನೂ ನುಂಗಿಕೊಂಡು ಕಂಡಿಕೆಯ ಬುಟ್ಟಿಗೆ ಬಗ್ಗಿದಳು. ಬಗ್ಗಿದವಳ ಕತ್ತಿನ ಮೇಲೆ ಅವನ ನೋಟ ಒಂದು ಗಳಿಗೆ ಹೆಚ್ಚಾಗಿಯೇ ನಿಂತಿತು. ಕೋಪ ಮಾಡಿಕೊಂಡವನು ನೋಡುವ ನೋಟ ಅದಲ್ಲವೆಂದು ಅವಳಿಗೂ ಗೊತ್ತಾಯಿತು, ಅವನಿಗೂ ಗೊತ್ತಾಯಿತು.

ಅದಾದ ಮೇಲೆ ಅವಳ ಮಗ್ಗ ಪದೇ ಪದೇ ಕೆಡಲು ಶುರುವಾಯಿತು. ಸೋಮವಾರ ಬಿಗಿದ ನಟ್ಟು ಬುಧವಾರಕ್ಕೆ ಸಡಿಲ. ರವಿಚಂದ್ರ ಬರುತ್ತಿದ್ದ, ಮುಖ ಗಂಟಿಕ್ಕಿಕೊಂಡೇ ಬಿಗಿಯುತ್ತಿದ್ದ, ಹೋಗುತ್ತಿದ್ದ.

"ಎಂಟು ಮಗ್ಗದಾಗೆ ಇದೊಂದಕ್ಕೇ ಯಾಕಪ್ಪಾ ಇಂಗೆ ಜ್ವರ ಬತ್ತದೆ?" ಎಂದು ರಾಮಾಂಜಿನಪ್ಪ ಒಂದು ದಿನ ಕೇಳಿಯೇಬಿಟ್ಟರು. "ಬಿಗಿಯೋವಾಗ್ಲೇ ಅರ್ಧ ಬಿಗೀತೀಯೋ ಎಂಗೆ ಗುರು?"

ರವಿಚಂದ್ರ ಗ್ರೀಸಿನ ಡಬ್ಬಿಯಲ್ಲಿ ಏನೋ ಹುಡುಕಲು ಶುರುಮಾಡಿದ.

ಅನಸೂಯಳಿಗೆ ಅವತ್ತು ರಾತ್ರಿ ಊಟ ಸೇರಲಿಲ್ಲ. ಸುಳ್ಳು ಹೇಳಿ ಒಬ್ಬನ ಪ್ರೀತಿ ಪಡೆಯುವುದು ಒಂದು ಪಾಪವಾದರೆ, ಸುಮ್ಮನಿದ್ದು ಪಡೆಯುವುದು ಇನ್ನೊಂದು. ಅವನಂತೂ ತನಗೆ ಅವಮಾನ ಮಾಡಿದವಳೆಂದು ತಿಳಿದೇ ಸುತ್ತ ಸುಳಿಯುತ್ತಿದ್ದಾನೆ. ನಿಜ ಗೊತ್ತಾದರೆ ಬಸ್ ಹತ್ತಿ ರಾಜಘಟ್ಟಕ್ಕೆ ಹೋದವನು ತಿರುಗಿ ಬರುವುದಿಲ್ಲ. ಹೋದರೆ ಹೋಗಲಿ ಎಂದುಕೊಂಡಳು. ಹೋಗಬಾರದು ಎಂದೂ ಅಂದುಕೊಂಡಳು.

ಮುಂದಿನ ಸಲ ಅವನು ಬಂದಾಗ ಎಂಟೂ ಮಗ್ಗಗಳು ಓಡುತ್ತಿದ್ದವು. ರಾಮಾಂಜಿನಪ್ಪನವರಿಗೆ ಬೆನ್ನು ತಿರುಗಿಸಿ ಅವನೆದುರು ನಿಂತಳು.

"ನಾನು ಹೇಳೋದನ್ನ ಪೂರ್ತಿ ನೋಡಿ. ಮಧ್ಯೆ ತಲೆ ತಿರುಗಿಸ್ಬೇಡಿ."

ಅವನು ನೋಡಿದ. ಅವಳ ತುಟಿಗಳು ಎಲ್ಲವನ್ನೂ ಹೇಳಿದವು. ಹುಟ್ಟಿದಾಗಿನ ರಕ್ತ, ಲಿವರು, ಮಾತ್ರೆ, ಬಾಕಿಯಿರುವ ಟೆಸ್ಟು. ಅವನ ಕಣ್ಣು ಒಂದು ಸಲವೂ ಅವಳ ತುಟಿಯಿಂದ ಕದಲಲಿಲ್ಲ. ಅಷ್ಟು ಹತ್ತಿರದಿಂದ ಯಾರೂ ಅವಳನ್ನು ಅಷ್ಟು ಹೊತ್ತು ನೋಡಿರಲಿಲ್ಲ.

"ಅವತ್ತು ಕಿತ್ಕೊಂಡಿದ್ದು ನಿಮ್ಮ ಬಾಯಿ ಎಂಜಲು ಅಂತಲ್ಲ. ಬೆಳಿಗ್ಗೆ ನಾನೇ ಬಾಯಿಟ್ಟಿದ್ದೆ. ನಂದೇ ವಿಷ ಅಂತ."

ಅಷ್ಟರಲ್ಲಿ ಕರೆಂಟು ಹೋಯಿತು. ಎಂಟು ಮಗ್ಗಗಳೂ ಒಮ್ಮೆಗೇ ನಿಂತ ಆ ಮೌನದಲ್ಲಿ 'ವಿಷ ಅಂತ' ಎನ್ನುವ ಎರಡು ಮಾತು ಇಡೀ ಶೆಡ್ಡಿಗೆ ಕೇಳಿಸಿತು.

"ಯಾವ್ದಮ್ಮಣ್ಣಿ ವಿಷ?" ರಾಮಾಂಜಿನಪ್ಪ ಗಾಬರಿಯಿಂದ ಎದ್ದರು.

"ನಾನು ಬೆಳಿಗ್ಗೆ ಕುಡಿದ ಟೀ ಯಜಮಾನ್ರೇ," ಎಂದ ರವಿಚಂದ್ರ, ಅವಳಿಂದ ಕಣ್ಣು ತೆಗೆಯದೆ. "ಬಸ್‌ಸ್ಟ್ಯಾಂಡ್ ಹತ್ರದ್ದು. ಆ ಕಡೆ ಹೋಗ್ಲೇಬೇಡಿ."

ಕರೆಂಟು ಬರುವವರೆಗೂ ಇಬ್ಬರೂ ಹಾಗೇ ನಿಂತಿದ್ದರು. ಮಗ್ಗಗಳು ಮತ್ತೆ ಬಡಿದುಕೊಳ್ಳತೊಡಗಿದಾಗ ಅವನ ತುಟಿ ಅಲುಗಿತು.

"ಟೆಸ್ಟ್ ಯಾವಾಗ?"

"ಮುಂದಿನ ತಿಂಗಳು."

"ಆಯ್ತು. ಅಲ್ಲೀವರೆಗೂ ನಿಮ್ಮ ಮಗ್ಗ ಕೆಡ್ತಾನೇ ಇರುತ್ತೆ."

*

ಟೆಸ್ಟಿನಲ್ಲಿ ವೈರಸ್ ಸಿಗಲಿಲ್ಲ. "ಇಲ್ಲ" ಎಂದು ಡಾಕ್ಟರ್ ಅಕ್ಷತ ಹೇಳಿದ ಆ ಒಂದು ಮಾತೇ ಅನಸೂಯಳ ಕಿವಿ ತುಂಬಿಕೊಂಡಿತು. ಅವರು ಆಮೇಲೂ ಏನೇನೋ ಹೇಳಿದರು. ಅವಳು ತಲೆಯಾಡಿಸಿದಳು, ಆದಿಲಕ್ಷ್ಮಮ್ಮ ಕಣ್ಣೊರೆಸಿಕೊಂಡರು, ಇಬ್ಬರೂ ಏನೂ ಕೇಳಿಸಿಕೊಳ್ಳಲಿಲ್ಲ. ಆ ತಪ್ಪಿಗೆ ಮುಂದೆ ಬಡ್ಡಿ ಸಮೇತ ಬೆಲೆ ತೆರಬೇಕಾಯಿತು.

ಮರುದಿನ ಶೆಡ್ಡಿನಲ್ಲಿ ರವಿಚಂದ್ರ ತುಟಿಯಲ್ಲೇ ಕೇಳಿದ, "ಮದ್ವೆ ಆಗ್ತೀರಾ?"

ಅವಳಿಗೆ ಅರ್ಥವಾಗಿತ್ತು. ಇನ್ನೊಂದು ಸಲ ನೋಡಬೇಕೆನಿಸಿತು. "ಏನು? ಸರಿಯಾಗಿ ಕಾಣ್ಲಿಲ್ಲ."

ಅವನು ಮತ್ತೆ ಹೇಳಿದ. ಅವಳು ಮತ್ತೆ ಹುಬ್ಬೇರಿಸಿದಳು. ಮೂರನೆಯ ಸಲಕ್ಕೆ ರಾಮಾಂಜಿನಪ್ಪನವರಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಎರಡು ಕೈಯನ್ನೂ ಬಾಯಿಯ ಸುತ್ತ ಹಿಡಿದು ಕೂಗಿದರು: "ಮದ್ವೆ ಆಯ್ತೀಯಾ ಅಂತ ಕೇಳ್ತಾವ್ನೆ ಅಮ್ಮಣ್ಣಿ! ನಂಗೇ ಕಾಣುಸ್ತು, ನಿಂಗೆ ಕಾಣಲ್ವಾ?"

ಲಕ್ಷ್ಮಣಪ್ಪನವರು ಎರಡು ದಿನ ಮುಖ ಊದಿಸಿಕೊಂಡಿದ್ದರು. ಹೊಲದವರ ಮನೆಗೆ ಮಗ್ಗದ ಮನೆಯ ಹುಡುಗಿಯೇ ಎಂದು. ಮೂರನೆಯ ದಿನ ತಾವೇ ಸೋತರು. "ಎಲ್ಲ ಗೊತ್ತಿದ್ದೂ ಕೇಳ್ಕಂಡು ಬಂದವ್ನೆ. ಅದಕ್ಕಿಂತ ಇನ್ನೇನ್ ಜಾತಿ ಬೇಕು," ಎಂದರು.

ರವಿಚಂದ್ರನ ಅಮ್ಮ ಗಂಗಲಕ್ಷ್ಮಮ್ಮ ಮಗನ ಜೊತೆ ಹೆಣ್ಣು ನೋಡಲು ಬಂದರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಹೊಲ ಮಾಡಿ ಮಗನನ್ನು ಬೆಳೆಸಿದ ಗಟ್ಟಿ ಹೆಂಗಸು. ಒಪ್ಪಿಗೆಯಾದರೆ ಅಲ್ಲೇ ಎಲೆ ಅಡಿಕೆ ಬದಲಾಯಿಸುವುದೆಂದು ಚೀಲದಲ್ಲಿ ಎಲ್ಲ ತುಂಬಿಕೊಂಡೇ ಬಂದಿದ್ದರು. ಅನಸೂಯಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳು ನೇಯ್ದ ಸೀರೆಯ ಅಂಚನ್ನು ಬೆರಳಿನಿಂದ ಸವರಿ, "ಕೈ ಚೆನ್ನಾಗೈತೆ" ಎಂದರು.

"ಅಮ್ಮಾ, ನಿಮಗೊಂದು ವಿಷಯ ಹೇಳ್ಬೇಕು," ಎಂದಳು ಅನಸೂಯ.

ಆದಿಲಕ್ಷ್ಮಮ್ಮ ಹಿಂದಿನಿಂದ ಬೆನ್ನು ಚಿವುಟಿದರು. ಅವಳು ಹೇಳಿಯೇ ಹೇಳಿದಳು. ಇದ್ದದ್ದು, ಈಗ ಇಲ್ಲದ್ದು, ಎರಡನ್ನೂ.

ಗಂಗಲಕ್ಷ್ಮಮ್ಮ ಸೀರೆಯ ಅಂಚಿನಿಂದ ಕೈ ತೆಗೆದರು. "ನೀನಾಗೇ ಹೇಳ್ದೆ. ಅದು ದೊಡ್ಡದು ಕಣಮ್ಮ. ನಂಗೆ ಓದು ಬರಲ್ಲ. ಇರೋನು ಒಬ್ಬ ಮಗ. ಇಲ್ಲೇ ಒಂದ್ ಲ್ಯಾಬಿನಾಗೆ ನನ್ನ ಕಣ್ಮುಂದೆ ನೋಡ್ಸಿಬುಡು. ಕಾಯಿಲೆ ಇಲ್ಲ ಅಂತ ಬಂದ್ರೆ ಈಗ್ಲೇ ಎಲೆ ಅಡಿಕೆ."

"ನಡೀರಿ," ಎಂದಳು ಅನಸೂಯ. ಹೆದರಿಕೆಯೇ ಇರಲಿಲ್ಲ. ಜಂಬದಿಂದಲೇ ಹೋದಳು.

ಲ್ಯಾಬಿನವನು ಬೆರಳು ಚುಚ್ಚಿ, ಒಂದು ಬಿಳಿ ಕಾರ್ಡಿನ ಮೇಲೆ ಒಂದು ಹನಿ ರಕ್ತ ಬಿಟ್ಟ. ಒಂದು ಗೆರೆ ಬಂದರೆ ಇಲ್ಲ, ಎರಡು ಬಂದರೆ ಇದೆ ಎಂದ. ನಾಲ್ವರೂ ಬಗ್ಗಿ ನೋಡುತ್ತ ನಿಂತರು. ಒಂದು ಗೆರೆ ಮೂಡಿತು. ಆದಿಲಕ್ಷ್ಮಮ್ಮ ಮನೆದೇವರನ್ನು ನೆನೆದರು. ಆಮೇಲೆ, ನಿಧಾನವಾಗಿ, ಎರಡನೆಯದೂ ಮೂಡಿತು.

"ಪಾಸಿಟಿವ್," ಎಂದ ಲ್ಯಾಬಿನವನು.

"ಇನ್ನೊಂದ್ಸಲ ಮಾಡಪ್ಪಾ," ಎಂದ ರವಿಚಂದ್ರ. ಇನ್ನೊಂದು ಕಾರ್ಡಿನಲ್ಲೂ ಎರಡೇ ಗೆರೆ.

ಹೊರಗೆ ಬಂದ ಮೇಲೆ ಗಂಗಲಕ್ಷ್ಮಮ್ಮ ಅವಳ ಕೈ ಹಿಡಿದುಕೊಂಡರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಯಾವ್ದೋ ಲಾಳಿ ವಿಚಾರಕ್ಕೆ ಇಬ್ರೂ ಜಗಳ ಆಡಿದ್ರಿ ಅಂತ ಇವ್ನು ನಗ್ತಾ ಹೇಳ್ತಿದ್ದ. ಅದನ್ನ ಇವ್ನು ಬಾಯಿಗೆ ಇಟ್ಕಂಡಿದ್ನಾ ಮಗಾ?"

"ಇಲ್ಲ. ನಾನು ಕಿತ್ಕೊಂಡೆ."

"ಒಳ್ಳೇದು ಮಾಡ್ದೆ ಕಣವ್ವ," ಎಂದು ಕೈ ಬಿಟ್ಟು, ಎಲೆ ಅಡಿಕೆಯ ಚೀಲವನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಆ ಮಾತು ಅನಸೂಯಳ ಎದೆಯೊಳಗೆ ಮುಳ್ಳಿನ ಹಾಗೆ ಮುರಿದುಕೊಂಡಿತು. ರವಿಚಂದ್ರ ಏನೋ ಹೇಳಲು ಬಂದ. ಅವಳು ಅವನ ತುಟಿಯ ಕಡೆ ನೋಡಲೇ ಇಲ್ಲ.

"ಅಮ್ಮನ ಜೊತೆ ಹೋಗಿ. ಇನ್ನು ಬರ್ಬೇಡಿ. ನಾನು ನಿಮ್ಮ ಹತ್ರ ಸುಳ್ಳು ಹೇಳಿರ್ಲಿಲ್ಲ, ಅಷ್ಟು ಮಾತ್ರ ನಂಬಿ."

ಅವನು ಅವಳನ್ನೊಮ್ಮೆ, ದೂರ ಹೋಗುತ್ತಿದ್ದ ಅಮ್ಮನನ್ನೊಮ್ಮೆ ನೋಡಿದ. ಅಮ್ಮನ ಹಿಂದೆ ಹೋದ.

*

"ಕಾರ್ಡ್ ಟೆಸ್ಟ್ ಮಾಡಿಸಿ ಅಂತ ನಿಮಗೆ ಹೇಳಿದ್ದು ಯಾರು?" ಡಾಕ್ಟರ್ ಅಕ್ಷತ ನಿಜಕ್ಕೂ ಸಿಟ್ಟಾಗಿದ್ದರು. "ಹೋದ ಸಲ ಇದನ್ನೇ ಅಲ್ವೇನ್ರೀ ನಾನು ಹೇಳಿದ್ದು? ತಲೆ ಬೇರೆ ಆಡಿಸಿದ್ರಿ!"

ಅನಸೂಯ ನೆಲ ನೋಡುತ್ತ ಕೂತಿದ್ದಳು. ಮೈಯಲ್ಲಿ ರಕ್ತವೇ ಇಲ್ಲದವಳ ಹಾಗಿದ್ದಳು. ಡಾಕ್ಟರ ದನಿ ಮೆತ್ತಗಾಯಿತು.

"ನೋಡಿ. ಆ ಕಾರ್ಡು ವೈರಸ್‌ನ ಹುಡುಕಲ್ಲ. ವೈರಸ್ ವಿರುದ್ಧ ನಿಮ್ಮ ಮೈ ಹೋರಾಡಿತ್ತಲ್ಲ, ಆ ಗುರುತನ್ನ ಹುಡುಕುತ್ತೆ. ಪ್ರತಿಕಾಯ ಅಂತೀವಿ. ಕಳ್ಳ ಓಡಿಹೋದ್ರೂ ಅವನಿಗೋಸ್ಕರ ಹಾಕಿಸಿದ ಬೀಗ ಬಾಗಿಲಲ್ಲೇ ಇರುತ್ತಲ್ಲ, ಹಾಗೆ. ವಾಸಿಯಾದೋರಲ್ಲೂ ಅದು ವರ್ಷಗಟ್ಟಲೆ ಇರುತ್ತೆ, ಎಷ್ಟೋ ಜನಕ್ಕೆ ಸಾಯೋವರೆಗೂ. ನೀವು ಎಪ್ಪತ್ತು ವರ್ಷದ ಅಜ್ಜಿ ಆದ್ಮೇಲೂ ಆ ಕಾರ್ಡಲ್ಲಿ ಎರಡು ಗೆರೆ ಬರ್ಬಹುದು."

"ಹಾಗಾದ್ರೆ ವಾಪಸ್ ಬಂದಿಲ್ವಾ?"

"ಬಂದಿರಲ್ಲ ಅಂತಾನೇ ನನ್ನ ನಂಬಿಕೆ. ಆದ್ರೆ ಬಾಯಿಮಾತು ಬೇಡ, ಇನ್ನೊಂದ್ಸಲ ವೈರಸ್‌ದೇ ಟೆಸ್ಟ್ ಮಾಡ್ಸೋಣ. ರಿಪೋರ್ಟು ಫೋನಿಗೆ ಬರುತ್ತೆ."

ರಕ್ತ ಕೊಟ್ಟು ತೋಳು ಮಡಚಿಕೊಂಡು ಅನಸೂಯ ಮತ್ತೆ ಅವರೆದುರು ಕೂತಳು. ಈ ಸಲ ಹಿಂದೆ ಎಷ್ಟು ಜನ ಕ್ಯೂ ನಿಂತಿದ್ದರೂ ಸರಿ ಎಂದು ಬಂದಿದ್ದಳು. "ಮೇಡಂ, ವೈರಸ್ ಹೋದ್ಮೇಲೆ ಮೈಯಿ ಮೊದಲಿನ ಹಾಗೆ ಆಗುತ್ತಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಒಳ್ಳೆ ಪ್ರಶ್ನೆ. ನಿಮ್ಮ ಮೈಯಲ್ಲಿ ಕಾವಲು ಕಾಯೋ ಕಣಗಳಿವೆ. ಹುಟ್ಟಿದಾಗಿಂದ ಆ ವೈರಸ್ ಜೊತೆ ಗುದ್ದಾಡಿ ಗುದ್ದಾಡಿ ಸುಸ್ತಾಗ್ಬಿಟ್ಟಿರ್ತಾವೆ. ಮಾತ್ರೆ ಬಂದು ವೈರಸ್‌ನ ಹೊಡೆದು ಹಾಕ್ತು. ಆಗ ಕೆಲವು ಕಣಗಳು ಚೇತರಿಸ್ಕೊಳ್ತವೆ, ಚುರುಕಾಗ್ತವೆ. ಇನ್ನು ಕೆಲವಕ್ಕೆ ಆ ಸುಸ್ತಿನ ಗುರುತು ಹಾಗೇ ಉಳ್ಕೊಳ್ಳುತ್ತೆ. ಯುದ್ಧ ಮುಗಿದಿದೆ ಅನ್ನೋದೇ ಅವಕ್ಕೆ ಗೊತ್ತಾಗಲ್ಲ ಅಂತಿಟ್ಕೊಳ್ಳಿ. ನಿಧಾನ ಆಗುತ್ತೆ. ಇನ್ನೊಂದು ನೆನಪಿರಲಿ, ಒಂದ್ಸಲ ವಾಸಿಯಾಯ್ತು ಅಂತ ಮತ್ತೆ ತಗಲೋದೇ ಇಲ್ಲ ಅಂತಲ್ಲ. ಬೇರೆಯವರ ಸೂಜಿ, ಬ್ಲೇಡು ಹತ್ರ ಹುಷಾರು."

ಯುದ್ಧ ಮುಗಿದದ್ದು ಗೊತ್ತಾಗದವರು. ಅನಸೂಯಳಿಗೆ ತನ್ನ ಬೇರೆ ಲೋಟ, ಬೇರೆ ತಟ್ಟೆ ನೆನಪಾದವು.

"ಇನ್ನೊಂದು ಕೇಳ್ಲಾ? ಲಾಳಿ."

"ಏನದು?"

ಕೈಯಲ್ಲೇ ಆಕಾರ ಮಾಡಿ ತೋರಿಸಿ, ತುಟಿಯಿಟ್ಟು ಎಳೆಯುವುದನ್ನೂ ತೋರಿಸಿದಳು. ಡಾಕ್ಟರು ಬೆರಗಾಗಿ ನೋಡಿದರು.

"ಒಂದು ವರ್ಷದಿಂದ ಇದಕ್ಕೆ ಹೆದರ್ಕೊಂಡಿದ್ರಾ? ಎಂಜಲಿಂದ ಬರೋ ಕಾಯಿಲೆ ಅಲ್ಲಮ್ಮ ಇದು. ರಕ್ತ ರಕ್ತಕ್ಕೆ ಸೇರ್ಬೇಕು. ಕಾಯಿಲೆ ಇದ್ದಾಗ್ಲೂ ನಿಮ್ಮ ಲೋಟದಲ್ಲಿ ಯಾರು ಬೇಕಾದ್ರೂ ನೀರು ಕುಡೀಬಹುದಿತ್ತು." ಸ್ವಲ್ಪ ತಡೆದು ಸೇರಿಸಿದರು, "ಆದ್ರೆ ದಾರದ ಧೂಳು, ಬಣ್ಣ ಎಲ್ಲ ಎದೆಗೆ ಎಳ್ಕೊಳ್ತೀರಲ್ರೀ! ಅದಕ್ಕಾದ್ರೂ ಕೊಕ್ಕೆನೇ ಒಳ್ಳೇದು."

*

ಆ ವಾರ ಅವಳ ಮಗ್ಗ ಒಂದು ಸಲವೂ ಕೆಡಲಿಲ್ಲ. ಒಂದು ನಟ್ಟೂ ಸಡಿಲವಾಗಲಿಲ್ಲ. ಚೆನ್ನಾಗಿ ಓಡುವ ಮಗ್ಗವನ್ನು ನೋಡಿದರೆ ಅನಸೂಯಳಿಗೆ ಅಳು ಬರುತ್ತಿತ್ತು.

ಲ್ಯಾಬಿನ ಎರಡು ಗೆರೆಯ ಸುದ್ದಿ ಅಷ್ಟರಲ್ಲಿ ಶೆಡ್ಡಿಗೆಲ್ಲ ತಿಳಿದಿತ್ತು. ರವಿಚಂದ್ರನ ಫೋನೂ ಇಲ್ಲ. ತಾನೇ ಬರಬೇಡಿ ಎಂದದ್ದು. ಬರಲಿಲ್ಲ ಎಂದು ಕೊರಗುವುದು ಯಾವ ನ್ಯಾಯ? ಆದರೂ ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ಕೈ ತಪ್ಪುತ್ತಿತ್ತು. ಡಾಕ್ಟರು ಅಷ್ಟು ಹೇಳಿದ ಮೇಲೂ ಒಂದು ದಿನ ಲಾಳಿಯನ್ನು ತುಟಿಯವರೆಗೆ ಎತ್ತಿ ನೋಡಿದಳು. ಕೈ ತಾನಾಗಿ ಕೊಕ್ಕೆಗೆ ಹೋಯಿತು.

ಶುಕ್ರವಾರ ಬೆಳಿಗ್ಗೆ ಫೋನ್ ನಡುಗಿತು. ಆಸ್ಪತ್ರೆಯ ಮೆಸೇಜು. ತೆರೆಯಲು ಬೆರಳು ಬರಲಿಲ್ಲ. ಫೋನನ್ನು ಕಂಡಿಕೆಯ ಬುಟ್ಟಿಯಲ್ಲಿ ಬೋರಲು ಹಾಕಿ, ಇನ್ನೊಂದು ಕಂಡಿಕೆ ಮುಗಿಯಲಿ, ಆಮೇಲೆ ನೋಡೋಣ ಎಂದುಕೊಂಡಳು. ಅದು ಮುಗಿಯಿತು. ಇನ್ನೊಂದು ಎಂದುಕೊಂಡಳು.

ಲಾಳಿಯಲ್ಲಿ ಹೊಸ ಕಂಡಿಕೆ ಕೂರಿಸುತ್ತಿದ್ದಾಗ ಯಾರೋ ಎದುರು ನಿಂತರು. ಗ್ರೀಸ್ ಅಂಟಿದ ಶೂ. ಅವಳು ತಲೆಯೆತ್ತಿದಳು.

ರವಿಚಂದ್ರ ಸೊರಗಿದ್ದ. ಗಡ್ಡ ಬಿಟ್ಟಿದ್ದ. ತುಟಿ ಕೇಳಿತು, "ಇನ್ನೊಂದು ಟೆಸ್ಟ್ ಮಾಡ್ಸಿದಾರೆ ಅಂತ ನಿಮ್ಮಪ್ಪ ಹೇಳಿದ್ರು. ಬಂತಾ?"

ಅವಳು ಬುಟ್ಟಿಯ ಕಡೆ ಕಣ್ಣು ತೋರಿಸಿದಳು. "ನೋಡಿಲ್ಲ. ಹೆದರಿಕೆ."

"ಅಮ್ಮನ್ನ ಆ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದೆ. ಮೊದಲನೇ ದಿನ ಯಲಹಂಕದಲ್ಲೇ ಬಸ್ ಇಳಿದು ವಾಪಸ್ ಬಂದ್ಬಿಟ್ರು. ನಿನ್ನೆ ಒಪ್ಕೊಂಡ್ರು. ನಿಮ್ಮ ಹೆಸರು ಹೇಳ್ಲಿಲ್ಲ, ಕಾಯಿಲೆ ಬಗ್ಗೆ ಮಾತ್ರ ಕೇಳ್ದೆ."

"ಅಮ್ಮ ಏನಂದ್ರು?"

"ಏನೂ ಅನ್ಲಿಲ್ಲ. ಇವತ್ತು ನಾನು ಹೊರಟಾಗ ಅವರೂ ಬಸ್ ಹತ್ತಿದ್ರು. ಹಿಂದೆ ಬರ್ತಿದಾರೆ. ಯಾತಕ್ಕೆ ಅಂತ ಗೊತ್ತಿಲ್ಲ."

ಅವಳ ಕಣ್ಣು ಬುಟ್ಟಿಗೆ ಹೋಯಿತು. ಈಗಲೇ ನೋಡಬೇಕು, ಅವರು ಬರುವ ಮೊದಲು. ಕೈ ಚಾಚಿದಳು. ಅವನು ತಡೆದ.

"ಅದು ಆಮೇಲೆ."

ಅವಳ ಇನ್ನೊಂದು ಕೈಯಲ್ಲಿದ್ದ ಲಾಳಿಯನ್ನು ನಿಧಾನವಾಗಿ ತೆಗೆದುಕೊಂಡ. ಅವತ್ತಿನ ಹಾಗೆಯೇ ತುಟಿಯ ಹತ್ತಿರಕ್ಕೆ ತಂದು ನಿಲ್ಲಿಸಿದ. ಅವಳನ್ನೇ ನೋಡಿದ.

"ಕಿತ್ಕೋತೀರಾ?"

ಅನಸೂಯಳ ಕೈ ಮೇಲೆದ್ದಿತ್ತು. ಅರ್ಧದಲ್ಲಿ ನಿಂತಿತು. ಕಿತ್ತುಕೊಳ್ಳಲಿಲ್ಲ.

ಅವನು ಲಾಳಿಯ ಕಣ್ಣಿಗೆ ತುಟಿಯಿಟ್ಟು ಉಸಿರೆಳೆದ. ದಾರ ಬರಲಿಲ್ಲ. ಕೆನ್ನೆ ಗುಳಿ ಬೀಳುವಷ್ಟು ಮತ್ತೆ ಎಳೆದ. ಬರಲಿಲ್ಲ. ಮೂರನೆಯ ಸಲಕ್ಕೆ ಕೆಮ್ಮು ಬಂತು. ಆಚೆ ಮಗ್ಗದಲ್ಲಿ ರಾಮಾಂಜಿನಪ್ಪ ಹಣೆ ಚಚ್ಚಿಕೊಂಡರು.

ಅನಸೂಯ ನಕ್ಕಳು. ಅಳುತ್ತಲೇ ನಕ್ಕಳು. "ಕೊಡಿ ಇಲ್ಲಿ," ಎಂದು ಲಾಳಿಯನ್ನು ತೆಗೆದುಕೊಂಡಳು. ಅದರ ಕಣ್ಣು ಅವನ ತುಟಿಯಿಂದ ಇನ್ನೂ ಒದ್ದೆಯಾಗಿತ್ತು. ಅವಳು ಕಣ್ಣು ಮುಚ್ಚಿಕೊಂಡಳು. ಒಂದು ವರ್ಷದಿಂದ ಬಿಗಿಹಿಡಿದಿದ್ದ ಉಸಿರನ್ನೆಲ್ಲ ಬಿಟ್ಟು, ಅಲ್ಲಿಗೇ ತುಟಿಯಿಟ್ಟು ಎಳೆದಳು.

ಅದೇ ಗಳಿಗೆಯಲ್ಲಿ ಕರೆಂಟು ಹೋಯಿತು. ಓಡುತ್ತಿದ್ದ ಮಗ್ಗಗಳೆಲ್ಲ ನಿಂತವು. ಆ ಮೌನದಲ್ಲಿ ಅವಳು ಎಳೆದುಕೊಂಡ ಉಸಿರು ಇಡೀ ಶೆಡ್ಡಿಗೆ ಕೇಳಿಸಿತು. ಕಣ್ಣು ತೆರೆದಾಗ ದಾರ ತುಟಿಯ ಮೇಲಿತ್ತು, ಗಂಗಲಕ್ಷ್ಮಮ್ಮ ಬಾಗಿಲಲ್ಲಿದ್ದರು.

ಗಂಗಲಕ್ಷ್ಮಮ್ಮ ಲಾಳಿಯನ್ನು ನೋಡಿದರು, ಮಗನ ಮುಖ ನೋಡಿದರು, ಹುಡುಗಿಯ ಒದ್ದೆ ಕಣ್ಣು ನೋಡಿದರು. ಚೀಲವನ್ನು ಕೆಳಗಿಟ್ಟು ಮಣೆಯ ಮೇಲೆ ಕೂತರು.

"ಬಸ್ಸಿನಾಗೆ ಗಂಟಲು ಒಣಗೋಯ್ತು. ನೀರು ಕೊಡವ್ವ."

ಅನಸೂಯ ಒಳಗಿನಿಂದ ಲೋಟ ತರಲು ಎದ್ದಳು.

"ಅದ್ಯಾಕೆ? ಇಲ್ಲೈತಲ್ಲ," ಎಂದು ಮಗ್ಗದ ಪಕ್ಕದಲ್ಲಿದ್ದ ಅವಳ ಲೋಟವನ್ನೇ ಎತ್ತಿಕೊಂಡರು. ಒಂದು ವರ್ಷದಿಂದ ಬೇರೆ ಯಾರೂ ಮುಟ್ಟದ ಲೋಟ, ಅವಳು ಅರ್ಧ ಕುಡಿದು ಇಟ್ಟಿದ್ದ ನೀರು. ಎತ್ತಿ ಕುಡಿಯಲಿಲ್ಲ, ಕಚ್ಚಿಯೇ ಕುಡಿದರು. ಕೊನೆಯ ಗುಟುಕಿನವರೆಗೆ ಕುಡಿದು ಸೆರಗಿನಿಂದ ಬಾಯೊರೆಸಿಕೊಂಡರು.

"ಮಗ್ಗಕ್ಕೆ ಎಂಜಲಿಲ್ಲ ಕಣಮ್ಮ," ಎಂದರು ರಾಮಾಂಜಿನಪ್ಪ ಮೆಲ್ಲಗೆ.

"ಹೊಲಕ್ಕೂ ಇಲ್ಲ ಬುಡಿ," ಎಂದರು ಗಂಗಲಕ್ಷ್ಮಮ್ಮ, ಚೀಲದಿಂದ ಎಲೆ ಅಡಿಕೆ ತೆಗೆಯುತ್ತ.

ಅನಸೂಯ ಬುಟ್ಟಿಯಿಂದ ಫೋನ್ ಎತ್ತಿಕೊಂಡಳು. ಮೆಸೇಜು ತೆರೆದು ಓದಿದಳು. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಬಂದು ಮಗ್ಗಗಳೆಲ್ಲ ಒಟ್ಟಿಗೆ ಬಡಿದುಕೊಂಡವು. ಅವಳು ತುಟಿಯಲ್ಲೇ ಹೇಳಿದಳು.

"ವೈರಸ್ ಇಲ್ಲ."

ಶೆಡ್ಡಿನಲ್ಲಿದ್ದವರೆಲ್ಲ ಓದಿಕೊಂಡರು. ರಾಮಾಂಜಿನಪ್ಪ ಹೆಗಲ ಮೇಲಿನ ಟವಲನ್ನು ಗಾಳಿಗೆ ಬೀಸಿದರು. ಗಂಗಲಕ್ಷ್ಮಮ್ಮನವರಿಗೆ ಮಾತ್ರ ಆ ಭಾಷೆ ಬರುತ್ತಿರಲಿಲ್ಲ. ಮಗನ ತೋಳು ಹಿಡಿದು ಅಲ್ಲಾಡಿಸಿ ಕೇಳಿದರು:

"ಏನಂತೋ? ಏನಂತಾವ್ಳೆ?"

ರವಿಚಂದ್ರ ಅಮ್ಮನ ಕಿವಿಯ ಹತ್ತಿರ ಬಗ್ಗಿ ಕೂಗಿ ಹೇಳಿದ. ಅವರು ಎಲೆ ಅಡಿಕೆಯನ್ನು ಅನಸೂಯಳ ಮಡಿಲಿಗೆ ಆಗಲೇ ಹಾಕಿಯಾಗಿತ್ತು.